ಸುತ್ತುವವನೇ ಸೋಮಾರಿ

ಮನೆಯ ಕಂಪ್ಯೂಟರು ನಿಧಾನವಾಗಿದೆ ಎಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ನೋಡಿ. ಮಂಡಿನೋವಿಗೆ ಎಣ್ಣೆ ಹೇಳುವವರೇ ಅದಕ್ಕೂ ಮದ್ದು ಹೇಳುತ್ತಾರೆ. ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಹೊಡೆಸಿಬಿಡಿ ಅನ್ನುವವರು ಒಬ್ಬರು. ಅದೇನಿಲ್ಲ, ವಿಂಡೋಸ್ ಅಪ್‌ಡೇಟ್ ಮಾಡಿದ್ದೇ ಕೆಟ್ಟಿತು ಅನ್ನುವವರು ಇನ್ನೊಬ್ಬರು. ಪಕ್ಕದ ಮನೆಯ ಮೇಷ್ಟ್ರಿಗೆ ಎಲ್ಲ ಕಾಯಿಲೆಗೂ ಒಂದೇ ಔಷಧಿ, ರ‍್ಯಾಮ್ ಹಾಕಿಸುವುದು. ಪರದೆಯ ಮೇಲೆ ಐಕಾನುಗಳು ಜಾಸ್ತಿಯಾಗಿ ಅವುಗಳ ಭಾರಕ್ಕೆ ಅದು ಏಳಲಾರದೆ ಒದ್ದಾಡುತ್ತಿದೆ ಎಂಬ ಮಾತನ್ನು ನಂಬಿ, ರಜೆಯ ದಿನವೆಲ್ಲ ಕೂತು ಐಕಾನ್ ಅಳಿಸಿದ ಗುಮಾಸ್ತರೊಬ್ಬರನ್ನು ನಾನು ಬಲ್ಲೆ. ಪಾಪ, ಅವರ ಮನಸ್ಸಾದರೂ ಹಗುರವಾಯಿತೇನೋ.

ನಮ್ಮ ಲ್ಯಾಪ್‌ಟಾಪಿನ ವಿಷಯದಲ್ಲಿ ಅಪರಾಧಿಯನ್ನು ಹಿಡಿದುಕೊಟ್ಟವನು ಅಕ್ಕನ ಮಗ. ಟಾಸ್ಕ್ ಮ್ಯಾನೇಜರ್ ಎಂಬುದನ್ನು ತೆರೆದು, "ಇಲ್ನೋಡಿ ಮಾವ, ಪ್ರೊಸೆಸರ್ ಆರಾಮಾಗಿ ಕೂತಿದೆ, ಡಿಸ್ಕ್ ಮಾತ್ರ ಹಂಡ್ರೆಡ್ ಪರ್ಸೆಂಟ್. ಇದನ್ನ ತೆಗೆದುಹಾಕಬೇಕು" ಎಂದ. ನನಗೆ ಒಪ್ಪಿಗೆಯಾಗಲಿಲ್ಲ. ನೂರಕ್ಕೆ ನೂರು ತೆಗೆದುಕೊಂಡವನನ್ನು ಮನೆಯಿಂದ ಆಚೆ ಹಾಕುವುದುಂಟೆ? ನಮ್ಮ ಕಾಲದಲ್ಲಿ ಎಸ್ಸೆಸ್ಸೆಲ್ಸಿ ಲೆಕ್ಕದ ಪೇಪರಿನಲ್ಲಿ ಅಷ್ಟು ಬಂದವನಿಗೆ ಊರಿನವರು ಸೇರಿ ಹಾರ ಹಾಕುತ್ತಿದ್ದರು. ಆದರೆ ಹುಡುಗ ಹೇಳಿದ ಅರ್ಥ ಬೇರೆ. ಬಿಡುವಿಲ್ಲದೆ ದುಡಿಯುತ್ತಿರುವವನು ಅವನೊಬ್ಬನೇ, ಉಳಿದವರೆಲ್ಲ ಅವನು ತಂದುಕೊಡುವುದನ್ನೇ ಕಾಯುತ್ತಾ ಕೂತಿದ್ದಾರೆ, ಎಲ್ಲರೂ ಕೆಟ್ಟಿರುವುದು ಅವನಿಂದಲೇ!

ಇದು ಹೇಗೆ ಸಾಧ್ಯ ಅಂತೀರಾ? ಹಾರ್ಡ್ ಡಿಸ್ಕಿನ ಒಳಗೆ ಕಾಂತಲೇಪ ಬಳಿದ ತಟ್ಟೆಗಳು ಸುತ್ತುತ್ತಿರುತ್ತವೆ. ಲ್ಯಾಪ್‌ಟಾಪಿನದಾದರೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಅದರ ಮೇಲೆ ಒಂದು ಪುಟ್ಟ ತೋಳು ಅತ್ತಿತ್ತ ಆಡುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಜವಾನನನ್ನು ನೆನೆಸಿಕೊಳ್ಳಿ. ಪಹಣಿ ಬೇಕೆಂದರೆ ಎದ್ದು, ಸಾಲು ಹುಡುಕಿ, ಕಟ್ಟು ಬಿಚ್ಚಿ ತರಬೇಕು. ತಂದಿಟ್ಟ ಮೇಲೆ ಮ್ಯುಟೇಶನ್ ಫೈಲೂ ಬೇಕು ಅಂದರೆ ಮತ್ತೆ ಹೋಗಬೇಕು. ಡಿಸ್ಕಿನ ತೋಳಿಗೂ ಸರಿಯಾದ ಸಾಲಿಗೆ ಹೋಗಿ, ತನಗೆ ಬೇಕಾದ ಭಾಗ ಸುತ್ತಿ ಬಂದು ತನ್ನ ಕೆಳಗೆ ನಿಲ್ಲುವವರೆಗೆ ಕಾಯುವುದೇ ಕೆಲಸ. ಕೂದಲೆಳೆಯಲ್ಲಿ ತಪ್ಪಿತೋ, ಇನ್ನೊಂದು ಪೂರ್ತಿ ಸುತ್ತು ಕಾಯಬೇಕು, 11 ಮಿಲಿಸೆಕೆಂಡು. ಮಿಲಿಸೆಕೆಂಡು ಎಂದರೆ ನಮಗೆ ನಿಮಗೆ ಏನೂ ಅಲ್ಲ, ಒಂದು ಸಾರಿ ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಕಳೆದಿರುತ್ತವೆ. ಆದರೆ ಹೀಗೆ ಓಡಾಡಿ ಓಡಾಡಿ ಅವನು ಸೆಕೆಂಡಿಗೆ ಮಾಡುವ ಟ್ರಿಪ್ಪು ಹೆಚ್ಚೆಂದರೆ ನೂರರ ಆಸುಪಾಸು. ವಿಂಡೋಸ್ ಮೇಲೇಳುವಾಗ ಕೇಳುವುದೋ ಸಾವಿರಾರು ಚಿಲ್ಲರೆ ಫೈಲು. ಇಡೀ ಯಂತ್ರದಲ್ಲಿ ಫ್ಯಾನನ್ನೂ ಸೀಡಿ ಡ್ರೈವನ್ನೂ ಬಿಟ್ಟರೆ ಕೂತಲ್ಲಿ ಕೂರದವನು ಇವನೊಬ್ಬನೇ, ಎಲ್ಲರಿಗಿಂತ ನಿಧಾನದವನೂ ಇವನೇ. ಕೂತಲ್ಲೇ ಕೂತವರು ಕ್ಷಣಾರ್ಧದಲ್ಲಿ ಕೆಲಸ ಮುಗಿಸಿ ಆಕಳಿಸುತ್ತಾರೆ. ಆಫೀಸಿನಲ್ಲಿ ಕೈಯಲ್ಲಿ ಫೈಲು ಹಿಡಿದು ಕಾರಿಡಾರಿನಲ್ಲಿ ಬಿರಬಿರನೆ ನಡೆಯುವವರನ್ನು ನೋಡಿದಾಗಲೆಲ್ಲ ನನಗೆ ಬರುತ್ತಿದ್ದ ಅನುಮಾನಕ್ಕೆ ಈಗ ವಿಜ್ಞಾನದ ಆಧಾರವೂ ಸಿಕ್ಕಂತಾಯಿತು.

ಹಾಗೆಂದು ಅವನನ್ನು ತೀರಾ ಹಗುರವಾಗಿ ನೋಡಬಾರದು. ದೊಡ್ಡ ಮನೆತನದವನು. ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಹೊರತಂದದ್ದು 1956ರಲ್ಲಿ, ನಮ್ಮ ಕನ್ನಡನಾಡು ಒಂದಾದ ವರ್ಷವೇ. ಅದರಲ್ಲಿ ಎರಡಡಿ ಅಗಲದ 50 ತಟ್ಟೆಗಳು. ಒಂದು ಟನ್ನು ತೂಕ. ಇಷ್ಟೆಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಈಗ ನಿಮ್ಮ ಮೊಬೈಲು ತೆಗೆಯುವ ಒಂದು ಒಳ್ಳೆಯ ಫೋಟೋದಷ್ಟು. ಅದೂ ಹೆಚ್ಚಾಗಿ ಬಾಡಿಗೆಗೆ. ಇಡೀ ಯಂತ್ರಕ್ಕೆ ತಿಂಗಳಿಗೆ 3200 ಡಾಲರು. ಅಲ್ಲಿಂದ ಕುಗ್ಗುತ್ತಾ ಕುಗ್ಗುತ್ತಾ ಅಂಗೈಗೆ ಬಂದು ಕೂತಿದ್ದಾನೆ. ಅವನ ಓದುವ ತುದಿ ತಟ್ಟೆಗೆ ತಾಗದೆ ಗಾಳಿಯಲ್ಲಿ ತೇಲುವ ಎತ್ತರ ಎಷ್ಟು ಗೊತ್ತೇ? ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ಕಡಿಮೆ. ಒಂದು ಧೂಳಿನ ಕಣ ಸಿಕ್ಕಿದರೂ ಮುಗಿಯಿತು.

ಇಂಥ ನಾಜೂಕಿನವನಿಗೆ ಕೋಪತಾಪ ಇಲ್ಲದಿರುತ್ತದೆಯೇ? ಬ್ರೆಂಡನ್ ಗ್ರೆಗ್ ಎಂಬ ಎಂಜಿನಿಯರು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ, 2008ರಲ್ಲಿ, ಡಿಸ್ಕುಗಳ ಸಾಲಿನ ಮುಂದೆ ನಿಂತು ಗಂಟಲು ಹರಿಯುವಂತೆ ಕಿರುಚಿದರು. ಪರದೆಯ ಗ್ರಾಫು ಚಂಗನೆ ಮೇಲಕ್ಕೆ ನೆಗೆಯಿತು: ಕಿರುಚಾಟದ ಅದುರುವಿಕೆಗೆ ಡಿಸ್ಕುಗಳು ಇನ್ನಷ್ಟು ನಿಧಾನವಾಗಿದ್ದವು! ಬೇಗ ಬೇಗ ಎಂದು ಕಂಪ್ಯೂಟರಿಗೆ ಬೈಯುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಗಮನಿಸಿ. ಇನ್ನೊಂದು ಕತೆ ಇದಕ್ಕಿಂತ ಸೊಗಸು. ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2022ರಲ್ಲಿ ಹೇಳಿದ್ದು. ವಿಂಡೋಸ್ ಎಕ್ಸ್‌ಪಿ ಕಾಲದ ಕೆಲವು ಲ್ಯಾಪ್‌ಟಾಪುಗಳಲ್ಲಿ ಜಾನೆಟ್ ಜಾಕ್ಸನ್ನಳ 'ರಿದಂ ನೇಶನ್' ಹಾಡು ಹಾಕಿದರೆ ಯಂತ್ರವೇ ಕುಸಿದು ಬೀಳುತ್ತಿತ್ತಂತೆ. ಅಷ್ಟೇ ಅಲ್ಲ, ಹಾಡು ಹಾಕಿಕೊಳ್ಳದೆ ತನ್ನ ಪಾಡಿಗೆ ತಾನು ಪಕ್ಕದಲ್ಲಿದ್ದ ಲ್ಯಾಪ್‌ಟಾಪೂ ಬೀಳುತ್ತಿತ್ತು. ಹಾಡಿನ ಯಾವುದೋ ಒಂದು ಶ್ರುತಿ ಆ 5400 ಸುತ್ತಿನ ಡಿಸ್ಕಿನ ಸಹಜ ಕಂಪನಕ್ಕೆ ಸರಿಯಾಗಿ ಕೂಡಿಬಿಟ್ಟಿತ್ತು. ತಯಾರಕರು ಡಿಸ್ಕನ್ನು ಬದಲಾಯಿಸಿದರೇ? ಇಲ್ಲ, ಹಾಡಿನಿಂದ ಆ ಶ್ರುತಿಯನ್ನೇ ಸೋಸಿ ತೆಗೆದರು. ಶ್ರುತಿ ಕೂಡಿದರೆ ಸಂಗೀತ ಅನ್ನುತ್ತೇವೆ ನಾವು. ಆ ಕಾಲದ ಲ್ಯಾಪ್‌ಟಾಪುಗಳನ್ನು ನಮ್ಮ ಗಣಪತಿ ಮೆರವಣಿಗೆಯ ತಮಟೆಯ ಪಕ್ಕ ಇಟ್ಟಿದ್ದರೆ ಏನಾಗುತ್ತಿತ್ತೋ, ಯಾರಾದರೂ ಪಿಎಚ್‌ಡಿ ಮಾಡಬಹುದು.

ಎಲ್ಲಿದ್ದೆ? ಹಾಂ, ಬದಲಿಗೆ ಬರುವವನ ವಿಷಯ. ಅವನ ಹೆಸರು ಎಸ್‌ಎಸ್‌ಡಿ. ಅವನೊಳಗೆ ತಿರುಗುವುದು ಒಂದೂ ಇಲ್ಲ. ಸುತ್ತಲೂ ಗೋಡೆ ಕಟ್ಟಿದ ಕೋಟಿಗಟ್ಟಲೆ ಪುಟ್ಟ ಕೋಣೆಗಳು, ಒಳಗೆ ಕೂಡಿಹಾಕಿದ ಎಲೆಕ್ಟ್ರಾನುಗಳು. ಕರೆಂಟು ಹೋದರೂ ಅವು ಅಲ್ಲೇ ಇರುತ್ತವೆ. ಈ ಫ್ಲಾಶ್ ಮೆಮೊರಿಯನ್ನು ಕಂಡುಹಿಡಿದದ್ದು ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕಾ. 1984ರಲ್ಲಿ ಜಗತ್ತಿಗೆ ತಿಳಿಸಿದರು, 1987ರಲ್ಲಿ ಇನ್ನೂ ಒತ್ತೊತ್ತಾಗಿ ಜೋಡಿಸುವ ಬಗೆ ತೋರಿಸಿದರು. ತನಗೆ ಸಿಗಬೇಕಾದ ಪಾಲು ಸಿಗಲಿಲ್ಲವೆಂದು ಅವರು ಕಂಪನಿಯ ಮೇಲೆ ಮೊಕದ್ದಮೆ ಹೂಡಿ, 2006ರಲ್ಲಿ 8 ಕೋಟಿ 70 ಲಕ್ಷ ಯೆನ್‌ಗೆ ರಾಜಿಯಾಯಿತು. ಜಗತ್ತಿನ ಜೇಬುಜೇಬಿನಲ್ಲಿ ಅವರ ಕೋಣೆಗಳಿವೆ, ಆ ಲೆಕ್ಕದಲ್ಲಿ ಬಾಡಿಗೆ ಏನೇನೂ ಹುಟ್ಟಲಿಲ್ಲ ಎಂದೇ ನನ್ನ ತೀರ್ಮಾನ. 1991ರಲ್ಲಿ ಸ್ಯಾನ್‌ಡಿಸ್ಕ್ ಮಾಡಿದ 20 ಎಂಬಿಯ ಎಸ್‌ಎಸ್‌ಡಿಗೆ ಸುಮಾರು 1000 ಡಾಲರು ಬೆಲೆ. ಆ ಕಂಪನಿ ಕಟ್ಟಿದ ಮೂವರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ.

ಈಗ ನಮ್ಮಂಥವರೂ ಬೆಂಗಳೂರಿನ ಟೌನ್‌ಹಾಲ್ ಹತ್ತಿರ ಬಸ್ಸಿಳಿದು ಎಸ್.ಪಿ. ರೋಡಿಗೆ ನಡೆದುಹೋಗಿ ಅದನ್ನು ಕೊಳ್ಳಬಹುದು. ಆ ರಸ್ತೆಯಲ್ಲಿ ನಡೆಯುವುದೇ ಒಂದು ಸುಖ. ವೈರು, ಕೀಬೋರ್ಡು, ಯಾರೋ ಎಂದೋ ಬಿಟ್ಟುಹೋದ ಮಾನಿಟರುಗಳು, ಮಧ್ಯೆ ನುಗ್ಗುವ ಗೂಡ್ಸ್ ಆಟೋ. ಅಂಗಡಿಯವರು ಮುಖ ಎತ್ತದೆ, "ಸಾಟಾನಾ ಸಾರ್, ಎನ್‌ವಿಎಂಇನಾ?" ಎಂದು ಕೇಳಿದರು. ಸಾಟಾ ಎಂದರೆ ಹಳೆಯ ಡಿಸ್ಕಿನ ಜಾಗದಲ್ಲೇ ಕೂರುವ ಎರಡೂವರೆ ಇಂಚಿನದು. ಎನ್‌ವಿಎಂಇ ಎಂದರೆ ಚೂಯಿಂಗ್ ಗಮ್ ಪಟ್ಟಿಯ ಅಳತೆಯದು, ಬಲು ವೇಗ, ಆದರೆ ಹಳೆಯ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಬೆಲೆ ಕೇಳಿ ನಾನು ಹುಬ್ಬೇರಿಸಿದ್ದಕ್ಕೆ ಅವರು 2011ರ ಕತೆ ತೆಗೆದರು. ಥಾಯ್ಲೆಂಡಿನಲ್ಲಿ ನೆರೆ ಬಂದು ಡಿಸ್ಕಿನ ಕಾರ್ಖಾನೆಗಳು ಮುಳುಗಿದಾಗ ಇಲ್ಲಿ ಹಾರ್ಡ್ ಡಿಸ್ಕಿನ ಬೆಲೆ ಆಕಾಶಕ್ಕೇರಿತ್ತಂತೆ. "ಮಳೆ ಅಲ್ಲಿ, ಬೈಗುಳ ನಮಗೆ" ಎಂದರು. ಒಳ್ಳೆ ವ್ಯಾಪಾರಿ, ಕತೆ ಕೇಳಿದವನು ಚೌಕಾಸಿ ಮಾಡುವುದು ಕಷ್ಟ ಎಂದು ಗೊತ್ತಿದ್ದವರು.

ತಂದದ್ದಾಯಿತು. ಆಮೇಲೆ ಮನೆಯಲ್ಲಿ ದೊಡ್ಡ ಚರ್ಚೆ: ಕ್ಲೋನೋ, ಫ್ರೆಶ್ಶೋ? ಹಳೆಯ ಡಿಸ್ಕಿನಲ್ಲಿದ್ದದ್ದೆಲ್ಲ ಇದ್ದ ಹಾಗೇ ನಕಲಾಗಿ ಬರಬೇಕೋ, ಅಥವಾ ವಿಂಡೋಸನ್ನು ಹೊಸದಾಗಿ ಹಾಕುವುದೋ? ಹುಡುಗ ಫ್ರೆಶ್ ಎಂದ. ನನಗೆ 'ನುಡಿ' ತಂತ್ರಾಂಶದ ಚಿಂತೆ. ಬರಹ, ನುಡಿ ಅಂತ ಒಂದು ಕಾಲದಲ್ಲಿ ಕೀಲಿ ಕುಟ್ಟಿದವರಿಗೆ ಗೊತ್ತು. ಆ ಹಳೆಯ ಫಾಂಟು ಇಲ್ಲದ ಯಂತ್ರದಲ್ಲಿ ಫೈಲು ತೆರೆದರೆ ಕನ್ನಡವೆಲ್ಲ ಮಾಯ. ಇಂಗ್ಲಿಷ್ ಅಕ್ಷರಗಳು ತಲೆಗೆ ಟೋಪಿ, ಕೊಂಬು, ಚುಕ್ಕಿ ಸಿಕ್ಕಿಸಿಕೊಂಡು ಸಾಲಾಗಿ ನಿಂತಿರುತ್ತವೆ. ನನ್ನ ಲೇಖನಗಳು ಹಾಗೆ ಕಂಡರೂ ಓದುಗರಿಗೆ ನಷ್ಟವಿಲ್ಲ, ಬಿಡಿ. ಆದರೆ ಅದರಲ್ಲಿ ಮಗಳ ಮದುವೆಯ ಮುಯ್ಯಿ ಪಟ್ಟಿ ಇತ್ತು! ಯಾರು ಎಷ್ಟು ಓದಿಸಿದರು, ಯಾರು ಬೆಳ್ಳಿ ಕುಂಕುಮಭರಣಿ ಕೊಟ್ಟರು, ಯಾರು ಬರಿ ಹೂಗುಚ್ಛದಲ್ಲಿ ಮುಗಿಸಿದರು ಎಂಬ ಸಂಪೂರ್ಣ ಇತಿಹಾಸ. ನಾಳೆ ಅವರ ಮನೆಯಲ್ಲಿ ಮದುವೆಯಾದರೆ ಏನು ನೋಡಿ ಮುಯ್ಯಿ ತೀರಿಸುವುದು? ಕ್ಲೋನೇ ಆಗಲಿ ಎಂದು ಮನೆಯಾಕೆ ತೀರ್ಪಿತ್ತಳು.

ಬದಲಾಯಿಸುವ ಕೆಲಸ ಹೇಳುವಷ್ಟೇನೂ ಇಲ್ಲ. ಕೆಳಗಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಒಂದನ್ನು ಎಳೆದು, ಇನ್ನೊಂದನ್ನು ದೂಡುವುದು. ದೊಡ್ಡ ಸಿನಿಮಾ ಫೈಲು ಓದುವುದರಲ್ಲಿ ಹೊಸಬ ಐದು ಪಟ್ಟು ಚುರುಕಿರಬಹುದು, ಅಷ್ಟೇ. ಚಿಲ್ಲರೆ ಫೈಲು ಹೆಕ್ಕುವುದರಲ್ಲಿ ಮಾತ್ರ ನೂರಾರು ಪಟ್ಟು. ಬಟನ್ ಒತ್ತಿ ಕಾಫಿಗೆಂದು ಅಡಿಗೆಮನೆಗೆ ಹೊರಟವನು ಬಾಗಿಲು ದಾಟುವ ಮೊದಲೇ ಹಿಂದಿನಿಂದ ಟಿಂಗ್ ಎಂದಿತು. ಅವಮಾನವಾದಂತಾಗಿ ಕಾಫಿ ಕುಡಿದೇ ಬಂದೆ.

ಒಂದೇ ಕೊರತೆಯೆಂದರೆ ಈ ಹೊಸಬ ಮೌನಿ. ಹಳಬ ಸಾಯುವ ಮುಂಚೆ ಅನೇಕ ಸಲ ಕಟಕಟ ಎಂದು ಸೂಚನೆಯಾದರೂ ಕೊಡುತ್ತಿದ್ದ. ಇವನು ಹೋದರೆ ಸದ್ದಿಲ್ಲದೆ ಹೋಗುತ್ತಾನೆ. ಕರೆಂಟು ಕೊಡದೆ ವರ್ಷಗಟ್ಟಲೆ ಮೂಲೆಗೆ ಹಾಕಿದರೆ ಕೋಣೆಯೊಳಗಿನ ಎಲೆಕ್ಟ್ರಾನುಗಳು ಮೆಲ್ಲಗೆ ಸೋರಿಹೋಗಲೂಬಹುದು. ಆದ್ದರಿಂದ ಹಳೆಯ ಡಿಸ್ಕನ್ನು ಬಿಚ್ಚಿ ಒಳಗಿನ ಅಯಸ್ಕಾಂತ ತೆಗೆಯುತ್ತೇನೆ ಎಂದು ಹೊರಟ ಹುಡುಗನ ಕೈಯಿಂದ ಅದನ್ನು ಕಿತ್ತುಕೊಂಡು, ಯುಎಸ್‌ಬಿ ಕೇಸೊಂದಕ್ಕೆ ಹಾಕಿಸಿ, ಮುಯ್ಯಿ ಪಟ್ಟಿ ಇದರಲ್ಲೂ ಒಂದಿರಲಿ ಎಂದೆ.

"ಅದಕ್ಯಾಕ್ರೀ ಇಷ್ಟೊಂದು ರಂಪ? ನೋಟ್‌ಬುಕ್ಕಲ್ಲೂ ಬರೆದಿಟ್ಟಿದೀನಲ್ಲ, ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗೆ" ಎಂದಳು ಮನೆಯಾಕೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳೋಣವೆನ್ನುವಷ್ಟರಲ್ಲಿ ಗೇಟಿನ ಸದ್ದಾಯಿತು. ಪಕ್ಕದ ಮನೆಯ ಮೇಷ್ಟ್ರು, ಕಂಕುಳಲ್ಲಿ ಅವರ ಲ್ಯಾಪ್‌ಟಾಪು. ರ‍್ಯಾಮ್ ಹಾಕಿಸಿ ತಿಂಗಳಾಯಿತಂತೆ.