ಸುರುಳಿಯ ಬೈತಲೆ

ಸಂಜೆ ಆರೂವರೆಗೆ ಬಾಲ್ಕನಿಯಲ್ಲಿ ಹಳೇ ಜಮಖಾನ ಹಾಸಿ ಚಕ್ಕಳಮಕ್ಕಳ ಹಾಕಿ ಕೂತೆನೆಂದರೆ ಸುರುಳಿಗೆ ಗೊತ್ತಾಗಿಬಿಡುತ್ತದೆ. ಸೋಫಾದ ಕೆಳಗೆ ಮುಕ್ಕಾಲು ಮೈ ತೂರಿಸಿ, ಬಾಲವನ್ನು ಮಾತ್ರ ಹೊರಗೆ ಬಿಟ್ಟು, ತಾನು ಮನೆಯಲ್ಲೇ ಇಲ್ಲವೆಂಬಂತೆ ಮಲಗುತ್ತಾಳೆ. ನಾನು ಕರೆಯುವುದಿಲ್ಲ. ಉಕ್ಕಿನ ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳ ಉಗುರೆಳೆದು ಒಂದು ಸಲ ಝರ್ರೆನ್ನಿಸುತ್ತೇನೆ. ನಿಮಿಷ ಕಳೆದ ಮೇಲೆ ಬಂದು ತೊಡೆಯ ಮೇಲೆ ಅಡ್ಡಬಿದ್ದು ದೊಡ್ಡದೊಂದು ನಿಟ್ಟುಸಿರು ಬಿಡುತ್ತಾಳೆ. ನಮ್ಮಮ್ಮ ಹರಳೆಣ್ಣೆ ಸೀಸೆ ಹಿಡಿದು ಜಗಲಿಗೆ ಬಂದಾಗಲೆಲ್ಲ ನಾನು ಬಿಡುತ್ತಿದ್ದದ್ದೂ ಇದೇ ನಿಟ್ಟುಸಿರು. (ವ್ಯಾಕರಣದ ಪ್ರಕಾರ ನಾಯಿ ನಪುಂಸಕಲಿಂಗ. ನಮ್ಮ ಮನೆಯಲ್ಲಿ ಆ ಸೂತ್ರ ನಡೆಯುವುದಿಲ್ಲ.)

ಸುರುಳಿ ಟಾಯ್ ಪೂಡಲ್. ಹೆಗಲಿನವರೆಗೆ 26 ಸೆಂಟಿಮೀಟರ್ ಎತ್ತರ, ಮೂರೂವರೆ ಕಿಲೋ ತೂಕ. ಬಣ್ಣ ಏಪ್ರಿಕಾಟ್ ಎಂದು ಕಾಗದದಲ್ಲಿದೆ. ನನ್ನ ಕಣ್ಣಿಗೆ ಹದವಾಗಿ ಕರಿದ ಚಕ್ಕುಲಿಯ ಬಣ್ಣ. ಚಕ್ಕುಲಿ ಎಂದೇ ಕರೆಯೋಣವೆಂದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗಲೇ ಒಂದು ಚಕ್ಕುಲಿ, ಎರಡು ಜಿಲೇಬಿ ಇದ್ದವು. ಸುರುಳಿ ಹೋಳಿಗೆ ಯಾರಿಗೂ ಹೊಳೆದಿರಲಿಲ್ಲ. ಆದರೆ ಪೂಡಲ್‌ಗೆ ಹೆಸರಿಡುವುದರಲ್ಲಿ ಜರ್ಮನಿಯ ತತ್ವಜ್ಞಾನಿ ಶೋಪೆನ್‌ಹಾವರ್‌ನನ್ನು ಮೀರಿಸಿದವರಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಒಂಟಿಯಾಗಿದ್ದ ಆತ ಒಂದರ ನಂತರ ಒಂದು ಪೂಡಲ್ ಸಾಕಿದ. ಉಪನಿಷತ್ತುಗಳನ್ನು ಲ್ಯಾಟಿನ್ ಅನುವಾದದಲ್ಲಿ ಓದಿ ಮಾರುಹೋಗಿದ್ದವನು ಅವಕ್ಕಿಟ್ಟ ಹೆಸರು ಆತ್ಮ. ಒಂದು ಸತ್ತು ಇನ್ನೊಂದು ಬಂದರೂ ಅದೇ ಹೆಸರು. ದೇಹ ತಾನೇ ಬದಲಾಗುವುದು! ನಾಯಿ ತಂಟೆ ಮಾಡಿದಾಗ ಮಾತ್ರ ‘ಮನುಷ್ಯ’ ಎಂದು ಬೈಯುತ್ತಿದ್ದನಂತೆ.

ನಾಯಿ ತರುವ ಮಾತು ಬಂದಾಗ ಬಾಗಲಕೋಟೆ ಕಡೆಯ ನಮ್ಮ ಭಾವ, “ಮುಧೋಳ ನಾಯಿ ಇರೂವಾಗ ಈ ಗೊಂಬಿ ಯಾಕ್ರೀ?” ಎಂದರು. ಅವರ ಅಭಿಮಾನ ಸರಿಯೇ. ಆದರೆ ಬಯಲಲ್ಲಿ ಮೊಲ ಅಟ್ಟಬೇಕಾದ ನಾಯಿಯನ್ನು ಬೆಂಗಳೂರಿನ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಕೂಡಿಹಾಕುವುದು ಅದಕ್ಕೆ ಮಾಡುವ ಅನ್ಯಾಯ. ‘777 ಚಾರ್ಲಿ’ ನೋಡಿ ಅತ್ತು ಬಂದಿದ್ದ ಮಗಳಿಗೆ ಲ್ಯಾಬ್ರಡಾರೇ ಬೇಕಿತ್ತು. ನನ್ನ ಯಜಮಾನರಿಗೆ ಬೆಕ್ಕು ಕಂಡರೂ ಸೀನು. ಹಾಗಾಗಿ ಹುಡುಕಾಟ ‘ಕೂದಲು ಉದುರದ ನಾಯಿ’ಯ ಕಡೆ ತಿರುಗಿತು.

ಇಲ್ಲಿ ಒಂದು ಮಾತು. ‘ಅಲರ್ಜಿಯಾಗದ ತಳಿ’ ಎಂಬುದು ಮಾರುವವರ ಮಾತು. ಸೀನು ಬರಿಸುವ ಪ್ರೋಟೀನು ಇರುವುದು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ. ಗುಂಗುರು ಕೂದಲಿನ ನಾಯಿಗೇನು ಜೊಲ್ಲಿಲ್ಲವೇ? 1989ರಲ್ಲಿ ಆಸ್ಟ್ರೇಲಿಯಾದ ಅಂಧರ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್, ಹವಾಯಿಯ ಅಂಧ ಮಹಿಳೆಯೊಬ್ಬರಿಗಾಗಿ ಲ್ಯಾಬ್ರಡಾರ್‌ಗೂ ಪೂಡಲ್‌ಗೂ ಮರಿ ಮಾಡಿಸಿದರು. ಆಕೆಯ ಗಂಡನಿಗೆ ನಾಯಿ ಆಗುತ್ತಿರಲಿಲ್ಲ. ಹುಟ್ಟಿದ ಮೂರು ಮರಿಗಳಲ್ಲಿ ಆತನಿಗೆ ಒಗ್ಗಿದ್ದು ಒಂದೇ. ಆದರೂ ‘ಲ್ಯಾಬ್ರಡೂಡಲ್’ ಎಂಬ ಹೆಸರು ಲೋಕವೆಲ್ಲ ಸುತ್ತಿತು. ಬಾಲಕ್ಕೆ ಡೂಡಲ್, ಪೂ ಅಂಟಿಸಿಕೊಂಡ ಬೆರಕೆ ತಳಿಗಳ ಸಂತೆ ನೆರೆಯಿತು. ತಾನು ಮಾಡಿದ್ದಕ್ಕೆ ಕಾನ್ರನ್ ಮುಂದೆ ಪಶ್ಚಾತ್ತಾಪಪಟ್ಟರು. ನಾವು ಮಾಡಿದ್ದಿಷ್ಟೇ: ಮರಿ ಒಪ್ಪಿಕೊಳ್ಳುವ ಮೊದಲು ಯಜಮಾನರನ್ನು ಎರಡು ಭಾನುವಾರ ಪೂಡಲ್‌ಗಳ ನಡುವೆ ಗಂಟೆಗಟ್ಟಲೆ ಕೂರಿಸಿದೆವು. ಅವರು ಈಗಲೂ ಸೀನುತ್ತಾರೆ, ಅಪರೂಪಕ್ಕೆ.

ಮೊದಲು ಹೋದ ಕಡೆ ‘ಟೀಕಪ್ ಪೂಡಲ್’ ತೋರಿಸಿದರು. ಅಂಗೈಯಲ್ಲಿ ನಡುಗುತ್ತಿತ್ತು. ಹಾಗೊಂದು ತಳಿಯೇ ಇಲ್ಲ. ಯಾವ ದೊಡ್ಡ ಕೆನ್ನೆಲ್ ಕ್ಲಬ್ಬೂ ಅದನ್ನು ಒಪ್ಪಿಲ್ಲ. ಅಷ್ಟು ಸಣ್ಣ ಮರಿ ಒಂದು ಹೊತ್ತು ಊಟ ತಪ್ಪಿದರೂ ರಕ್ತದಲ್ಲಿ ಸಕ್ಕರೆಯಿಳಿದು ಬಿದ್ದುಹೋಗಬಹುದು. “ತಾಯಿ ಎಲ್ಲಿ?” ಎಂದೆ. “ಊರಲ್ಲಿದೆ” ಎಂದರು. ಎದ್ದು ಬಂದೆವು. ಸುರುಳಿ ಸಿಕ್ಕ ಮನೆಯಲ್ಲಿ ತಾಯಿ ಮೊದಲು ಬಂದು ನನ್ನ ಚಪ್ಪಲಿ ಮೂಸಿತು, ಆಮೇಲೆ ಮಡಿಲಲ್ಲಿ ಕೂತಿತು. ನನ್ನ ಮಟ್ಟಿಗೆ ಆಯ್ಕೆ ಅಲ್ಲೇ ಮುಗಿಯಿತು. ತಾಯಿ ಅಂಜುಬುರುಕಿಯಲ್ಲದಿದ್ದರೆ ಮರಿಯ ಅರ್ಧ ಗುಣ ಗೊತ್ತಾದಂತೆ. ಉಳಿದದ್ದು ಕಾಗದಪತ್ರ: ಮಂಡಿಚಿಪ್ಪು ಜಾರುವ ತೊಂದರೆ, ವಂಶದಲ್ಲಿ ಬರುವ ಕಣ್ಣಿನ ಬೇನೆ ಈ ತಳಿಗೆ ಉಂಟು, ಅಪ್ಪ-ಅಮ್ಮನನ್ನು ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಲೇಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ನಿಯಮವೇ ಇದೆ. ನಾವು ತಂದಾಗ ಅವಳಿಗೆ ಹತ್ತು ವಾರ.

ಪೂಡಲ್ ಎಂದರೆ ಶ್ರೀಮಂತರ ಮನೆಯ ಸೋಫಾ ಅಲಂಕಾರವೆಂದು ನಾನೂ ತಿಳಿದಿದ್ದೆ. ಇವುಗಳ ಹಿರೀಕರು ಕೆಸರುಗಾಲಿನ ಕೆಲಸಗಾರರು. ಬೇಟೆಗಾರ ಹೊಡೆದ ಬಾತುಕೋಳಿಯನ್ನು ತಣ್ಣೀರಿಗೆ ಹಾರಿ ತರುತ್ತಿದ್ದವು. ಜರ್ಮನ್ನಿನ ‘ಪೂಡೆಲ್’ ಹೆಸರಲ್ಲಿ ನೀರು ಚಿಮ್ಮಿಸುವ ಅರ್ಥವಿದೆ, ಫ್ರೆಂಚರ ‘ಕಾನಿಷ್’ ಎಂಬುದರಲ್ಲಿ ಬಾತುಕೋಳಿಯೇ ಇದೆ. ನಾವು ನಗುವ ಆ ಪ್ರದರ್ಶನದ ಕಟಿಂಗ್, ಎದೆಗೊಂದು ಪೊದೆ, ಕಾಲುಗಂಟಿಗೊಂದು ಚೆಂಡು, ಹಿಂಭಾಗ ಬೋಳು, ಅದೂ ಅಲ್ಲಿಂದ ಬಂದದ್ದು. ಈಜಲು ಹಗುರಾಗಲಿ ಎಂದು ಬೋಳಿಸಿ, ಎದೆಗೂ ಕೀಲುಗಳಿಗೂ ಚಳಿ ತಾಗದಿರಲಿ ಎಂದು ಕೂದಲು ಬಿಡುತ್ತಿದ್ದರು. ಸುರುಳಿಗೆ ಮಾತ್ರ ಈ ಪರಂಪರೆ ತಿಳಿಯದು. ಬಾತ್‌ರೂಮಿನಲ್ಲಿ ಬಕೆಟ್ ಸದ್ದಾದರೆ ಸಾಕು, ಮತ್ತೆ ಸೋಫಾದ ಕೆಳಗೆ.

ಕೂದಲು ಉದುರದು ಎಂಬುದೂ ಅರ್ಧ ಸತ್ಯವೇ. ಉದುರುತ್ತದೆ, ನೆಲಕ್ಕೆ ಬೀಳುವುದಿಲ್ಲ. ಬಿಟ್ಟ ಕೂದಲು ಪಕ್ಕದ ಸುರುಳಿಯೊಳಗೆ ಸಿಕ್ಕಿಕೊಂಡು ಅಲ್ಲೇ ಗಂಟಾಗುತ್ತದೆ. ಉಳಿದದ್ದು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಇರುತ್ತದೆ. ಈ ಪಾಠ ನನಗಾದದ್ದು ಅವಳ ಹನ್ನೊಂದನೇ ತಿಂಗಳಲ್ಲಿ. ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಕಾಲ ಅದು, ನನಗೆ ತಿಳಿದಿರಲಿಲ್ಲ. ದಿನಾ ಮೇಲೆಮೇಲೆ ಬ್ರಷ್ ಆಡಿಸುತ್ತಿದ್ದೆ, ಹತ್ತಿಯುಂಡೆಯಂತೆ ಕಾಣುತ್ತಿದ್ದಳು. ಮದುವೆ ಮನೆಯ ಓಡಾಟದಲ್ಲಿ ಒಂದು ವಾರ ಅದೂ ತಪ್ಪಿತು. ಬಂದವಳೇ, ಸಿಕ್ಕು ಬಿಡಿಸದೆ ಸ್ನಾನ ಮಾಡಿಸಿದೆ. ಒಣಗಿದ ಮೇಲೆ ಬೆರಳು ತೂರಿಸಿದರೆ ಒಳಗೆ ಹೋಗಲಿಲ್ಲ. ಮೇಲೆ ಹತ್ತಿ, ಕೆಳಗೆ ಚರ್ಮಕ್ಕಂಟಿದ ಕಂಬಳಿ! ಕುರಿಯುಣ್ಣೆಗೆ ನೀರು ಹಾಕಿ ತಿಕ್ಕಿದರೆ ಕಂಬಳಿಯ ನೇಯ್ಗೆ ಗಟ್ಟಿಯಾಗುತ್ತದಲ್ಲ, ಅದನ್ನೇ ನಾನು ನಾಯಿಯ ಮೈಮೇಲೆ ಮಾಡಿದ್ದೆ. ಬೋಳಿಸದೆ ದಾರಿಯಿರಲಿಲ್ಲ. ಮನೆಗೆ ಬಂದ ಆ ಗುಲಾಬಿ ಬಣ್ಣದ ಜೀವಿಯನ್ನು ನೋಡಿ ಲಿಫ್ಟಿನಲ್ಲಿದ್ದ ಅಜ್ಜಿ, “ಇದು ಮೊಲವೋ?” ಎಂದರು. ಸುರುಳಿ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

ಅಂದಿನಿಂದ ಈ ಬಾಚುವ ಕೆಲಸ ನನ್ನದು, ಈಗ ಬೇರೆಯವರಿಗೆ ಬಿಟ್ಟುಕೊಡುವುದೂ ಇಲ್ಲ. ಹಿಂಗಾಲಿನ ಪಾದದಿಂದ ಶುರು. ಎಡಗೈಯಿಂದ ಕೂದಲನ್ನು ಮೇಲಕ್ಕೊತ್ತಿ ಹಿಡಿದರೆ ಕೆಳಗೆ ಸಣ್ಣದೊಂದು ಬೈತಲೆ ತೆರೆಯುತ್ತದೆ. ಬಿಳಿಗುಲಾಬಿ ಚರ್ಮದ ಗೆರೆ. ಆ ಗೆರೆ ಕಾಣದಿದ್ದರೆ ಬಾಚಿದ್ದು ಲೆಕ್ಕಕ್ಕಿಲ್ಲ. ಬಾಗಿದ ತಂತಿಹಲ್ಲುಗಳ ಸ್ಲಿಕರ್ ಬ್ರಷ್ಷಿನಿಂದ, ಒತ್ತದೆ, ಒಂದೊಂದು ಎಳೆಯನ್ನೂ ಕೆಳಕ್ಕೆ ಬಿಡಿಸುತ್ತೇನೆ. ಕಾಲಂಗುಲ ಮೇಲೆ ಮತ್ತೊಂದು ಬೈತಲೆ. ಹೀಗೆ ಮನೆ ಹಂಚು ಹೊದಿಸಿದಂತೆ ಸಾಲುಸಾಲಾಗಿ ಬೆನ್ನಿನವರೆಗೆ. ಕೊನೆಗೆ ಉಕ್ಕಿನ ಬಾಚಣಿಗೆ, ಮೊದಲು ಅಗಲ ಹಲ್ಲು, ಆಮೇಲೆ ಒತ್ತು ಹಲ್ಲು. ಬುಡದಿಂದ ತುದಿಯವರೆಗೆ ಎಲ್ಲೂ ತಡೆಯದೆ ಹೊರಬಂದಾಗ ಆಗುವ ಸುಖವಿದೆಯಲ್ಲ, ಹೂ ಕಟ್ಟಿ ಮುಗಿಸಿದವರಿಗೆ ಗೊತ್ತಿರುತ್ತದೆ.

ಸಿಕ್ಕು ಅಡಗುವ ಜಾಗಗಳು ಈಗ ನನಗೆ ಬಾಯಿಪಾಠ: ಕಿವಿಯ ಹಿಂದೆ, ಕಂಕುಳು, ಪಟ್ಟಿ ಉಜ್ಜುವ ಎದೆ, ತೊಡೆಸಂದು. ಗಂಟು ಸಿಕ್ಕರೆ ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ಕೂದಲಿನ ಬುಡವನ್ನು ಎರಡು ಬೆರಳಲ್ಲಿ ಬಿಗಿಹಿಡಿದು, ತುದಿಯಿಂದ ಬಿಡಿಸುತ್ತ ಬರುತ್ತೇನೆ. ಬುಡ ಹಿಡಿದರೆ ಚರ್ಮ ಜಗ್ಗುವುದಿಲ್ಲ. ಇದನ್ನು ಯಾವ ಗ್ರೂಮರೂ ಹೇಳಿಕೊಟ್ಟದ್ದಲ್ಲ. ಮೊಣಕಾಲ ನಡುವೆ ನನ್ನನ್ನು ಕೂರಿಸಿಕೊಂಡು, ಜಡೆಯ ಬುಡವನ್ನು ಮುಷ್ಟಿಯಲ್ಲಿ ಹಿಡಿದು, ಸೀರಣಿಗೆ ಆಡಿಸುತ್ತಿದ್ದ ಅಮ್ಮನ ಕೈಯದು. ಕಿವಿಯ ಹಿಂದೆ ಬಂದಾಗ ಸುರುಳಿಯ ಕಣ್ಣು ಅರೆಮುಚ್ಚುತ್ತದೆ, ಕೆಳತುಟಿ ಜೋಲುತ್ತದೆ. ಆಮೇಲೆ ಸಣ್ಣ ಗೊರಕೆ. ಮೂಗಿನ ತುದಿ ನನ್ನ ಮಣಿಕಟ್ಟಿಗೆ ತಣ್ಣಗೆ ತಾಗಿರುತ್ತದೆ.

ಬಾಚುವವರಿಗೇ ಮೊದಲು ಸುದ್ದಿ ತಿಳಿಯುವುದು. ಮಳೆಗಾಲ ಕಳೆದ ಮೇಲೆ ಬೆರಳಿಗೆ ಮೆಣಸಿನ ಕಾಳಿನಂಥದ್ದು ತಾಗಿದರೆ ಅದು ಉಣ್ಣಿ. ಒಂದೇ ಸಾಕು ಜ್ವರ ತರಲು, ನಮ್ಮ ಕಡೆ ನಾಯಿಗಳ ಉಣ್ಣಿಜ್ವರ ಹುಡುಗಾಟದ್ದಲ್ಲ. ಕಿವಿಯೊಳಗೂ ಕೂದಲು ಬೆಳೆಯುವುದರಿಂದ ಅಲ್ಲಿ ಹುಳಿವಾಸನೆ ಬಂದರೆ ಮಾರನೆ ದಿನವೇ ಡಾಕ್ಟರು. ಐದು ವಾರಕ್ಕೊಮ್ಮೆ ಕಟಿಂಗ್. ಹಲ್ಲಿಗೆ ನಾಯಿಯದೇ ಪೇಸ್ಟು. ಹಬ್ಬದ ದಿನ ಪಾಯಸದ ದ್ರಾಕ್ಷಿ ಕೆಳಗೆ ಬಿದ್ದರೆ ಮನೆಮಂದಿಯೆಲ್ಲ ಅವಳಿಗಿಂತ ಮೊದಲು ನೆಲಕ್ಕೆ ಹಾರುತ್ತೇವೆ, ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ.

ಇಂಥದೊಂದು ನಾಯಿ ತರುವ ಆಸೆ ನಿಮಗಿದ್ದರೆ, ಮರಿ ನೋಡಲು ಹೋಗುವ ಮೊದಲು ಒಂದು ತಿಂಗಳು ದಿನಾ ಸಂಜೆ ಇಪ್ಪತ್ತು ನಿಮಿಷ, ಮೊಬೈಲು ಒಳಗಿಟ್ಟು, ಸುಮ್ಮನೆ ಜಮಖಾನದ ಮೇಲೆ ಕೂತು ನೋಡಿ. ಕೂರಲಾಗದಿದ್ದರೆ ನಿಮ್ಮ ಬೀದಿಯಲ್ಲೇ ಒಂದು ಮರಿ ಇದ್ದೀತು. ಅದರ ಮೈಗೆ ಆಗಾಗ ಕೈಯಾಡಿಸಿದರೆ ಸಾಕು, ಬಾಚಣಿಗೆ ಬೇಡ.