ಸಹಿ ಇವತ್ತು, ಕೀಲಿಕೈ ನಾಳೆ

ಹತ್ತಕ್ಕೆ ಇನ್ನೂ ಐದು ನಿಮಿಷ. ರೋಣದ ಉಪನೋಂದಣಿ ಕಚೇರಿಯ ಹೊರಗೆ ನಿಂತಿದ್ದೀರಿ. ಅಂಗಿಯ ಒಳಜೇಬಿನಲ್ಲಿ 16 ಲಕ್ಷದ ಡಿಡಿ. ಅದು ಇದೆಯೋ ಇಲ್ಲವೋ ಎಂದು ಗಜೇಂದ್ರಗಡದಿಂದ ಇಲ್ಲಿಯವರೆಗೆ ಎಷ್ಟು ಸಲ ಎದೆ ಮುಟ್ಟಿಕೊಂಡಿರೋ. ದಾರಿಯುದ್ದಕ್ಕೂ ಡಾಂಬರಿನ ಮೇಲೆ ಹೆಸರು ಒಣಹಾಕಿದ್ದರು, ಬೈಕನ್ನು ಅಂಚಿಗೆ ಇಳಿಸಿ ಇಳಿಸಿ ಬಂದಿರಿ.

2025ರ ಆಗಸ್ಟ್ 30, ಶನಿವಾರ. ತಿಂಗಳ ಐದನೆಯ ಶನಿವಾರ, ಹಾಗಾಗಿ ರಜೆಯಿಲ್ಲ. ಕಟ್ಟೆಯ ಮೇಲೆ ಕೂತವರ ಬಾಯಲ್ಲೆಲ್ಲ ಒಂದೇ ಸುದ್ದಿ: ನಾಳೆಯಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2. ನಿಮ್ಮ ಮನೆಯ ಬೆಲೆ 18 ಲಕ್ಷ, ಅಂದರೆ ಒಂದೇ ರಾತ್ರಿಗೆ 18 ಸಾವಿರದ ವ್ಯತ್ಯಾಸ. ನೀವು ಹಳೆಯ ದರದಲ್ಲಿ ಹಣ ತುಂಬಿ, ಕಾವೇರಿ ತಂತ್ರಾಂಶದಲ್ಲಿ 10.20ರ ವೇಳೆ ಹಿಡಿದಿದ್ದೀರಿ. ಇವತ್ತು ತಪ್ಪಿದರೆ ಆ ವ್ಯತ್ಯಾಸ ಕಟ್ಟಬೇಕೋ ಬೇಡವೋ? ಕಟ್ಟೆಯ ಮೇಲಿನ ನಾಲ್ವರು ನಾಲ್ಕು ಬಗೆಯಾಗಿ ಹೇಳುತ್ತಾರೆ.

ಫೋನು ಬರುತ್ತದೆ. ಅವ್ವ. "ಶನಿವಾರ ಒಂಬತ್ತರಿಂದ ಹತ್ತೂವರಿ ರಾಹುಕಾಲ. ಅದು ದಾಟೂತನಕ ಪೆನ್ನ ಮುಟ್ಟಬ್ಯಾಡಪಾ."

ಹ್ಞೂಂ ಅನ್ನುತ್ತೀರಿ. ಅವ್ವನ ಲೆಕ್ಕದಲ್ಲೇ ಅಲ್ಲವೇ ಇಲ್ಲಿಯವರೆಗೂ ನಡೆದದ್ದು? ಸಂಚಕಾರ ಕೊಟ್ಟದ್ದು ಮಣ್ಣೆತ್ತಿನ ಅಮಾವಾಸ್ಯೆಗೆ, ಚೆಕ್ಕಿನಲ್ಲಿ ಎರಡು ಲಕ್ಷ. ಮರುದಿನವೇ ಆಷಾಢ ಹತ್ತಿತು, ಒಂದು ತಿಂಗಳು ಮನೆಯ ಮಾತೇ ಎತ್ತಲಿಲ್ಲ. ಶ್ರಾವಣದಲ್ಲಿ ಇ-ಖಾತೆಗೆ ಓಡಾಟ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ಖರೇದಿ ಇಲ್ಲ. ಸೆಪ್ಟೆಂಬರ್ 8ಕ್ಕೆ ಪಿತೃಪಕ್ಷ ಶುರು, ಹದಿನೈದು ದಿನ ಮತ್ತೆ ಬಾಗಿಲು ಬಂದ್. ಉಳಿದಿದ್ದು ಈ ಒಂದು ವಾರದ ಸಂದಿ.

ಅಂದಹಾಗೆ, ಸಂಚಕಾರ ಕೊಟ್ಟ ದಿನದಿಂದ ಮನೆ ನಮ್ಮದಾಯಿತು ಎಂದು ನಂಬಿರುವವರು ಈ ಸೀಮೆಯಲ್ಲಿ ಬಹಳ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ನಿಷ್ಠುರವಾಗಿದೆ: ಕರಾರು ಪತ್ರದಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಖರೇದಿ ಮಾಡಿಕೊಡಿ ಎಂದು ಕೋರ್ಟಿಗೆ ಹೋಗುವ ದಾರಿಯೊಂದು ಇರುತ್ತದೆ, ಅದಕ್ಕೂ ಮೂರು ವರ್ಷದ ಗಡುವು.

10.10. ಮಾರುವವರು ಬಂದು ನಿಂತಿದ್ದಾರೆ, ಅವರ ಅಕ್ಕ ಇನ್ನೂ ಬಂದಿಲ್ಲ. ಆಕೆ ನರಗುಂದದವರು. ಪಂಚಮಿಗೆ ತವರಿಗೆ ಬಂದಾಗ ಉಂಡಿ ತಿನ್ನುತ್ತಲೇ ಆಕೆಯೂ ಸಹಿ ಹಾಕುವ ಮಾತು ಇತ್ಯರ್ಥವಾಗಿತ್ತು. ತಂದೆಯ ಮನೆ, ಮಗಳಿಗೂ ಸಮಪಾಲು. 2005ರ ತಿದ್ದುಪಡಿಯೂ 2020ರ ಸುಪ್ರೀಂ ಕೋರ್ಟ್ ತೀರ್ಪೂ ಅದನ್ನೇ ಹೇಳುತ್ತವೆ. ಆಕೆಯ ಸಹಿ ಇಲ್ಲದ ಪತ್ರ ಕೊಳ್ಳುವವನಿಗೆ ಮುಂದೆ ಮುಳ್ಳೇ. ಜಿಲ್ಲೆಯೊಳಗೆ ಯಾವ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದಾದ್ದರಿಂದ ಆಕೆಗೆ ಅನುಕೂಲವಾಗಲೆಂದು ರೋಣವನ್ನೇ ಗೊತ್ತುಮಾಡಿದ್ದು.

"ಯಾವಗಲ್ಲ ದಾಟ್ಯಾರಂತ," ಮಾರುವ ತಮ್ಮ ಕಿವಿಯಿಂದ ಫೋನು ಇಳಿಸುತ್ತಾರೆ. ನಿಮಗೆ ಉಸಿರು ಬರುತ್ತದೆ. ಜೋರು ಮಳೆಯಾದರೆ ಆ ಊರ ಬಳಿ ಬೆಣ್ಣಿಹಳ್ಳ ಉಕ್ಕಿ ರಸ್ತೆಯನ್ನೇ ಕಟ್ಟಿಬಿಡುತ್ತದೆ.

10.25ಕ್ಕೆ ಅಕ್ಕ ಬರುತ್ತಾರೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಸಹಿ ಎಲ್ಲಿ ಎಂದು ಕೇಳುವುದಿಲ್ಲ. "ಒಮ್ಮೆ ಓದಿ ಹೇಳ್ರಿ," ಎಂದು ಬೆಂಚಿನ ಮೇಲೆ ಕೂಡುತ್ತಾರೆ. ಬಾಂಡ್ ರೈಟರ್ ಓದುತ್ತಾರೆ: ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಏನು, ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಹಿತ್ತಲು, ನಳ, ಕರೆಂಟಿನ ಮೀಟರು. ಅಕ್ಕ ಕೈ ಎತ್ತಿ ತಡೆಯುತ್ತಾರೆ.

"ಅಪ್ಪನ ಮಗ್ಗದ ಕುಣಿ ಬರದಿಲ್ಲಲ್ಲ?"

"ಅದು ಜಾಗಾದಾಗ ಬಂತ್ರಿ ಅಕ್ಕಾರ. ಕುಣಿ ಅಂತ ಬ್ಯಾರೆ ಬರಿಯೂದಿಲ್ಲ."

ಆಕೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ನೀವೂ. ಆ ಕುಣಿಯಲ್ಲಿ ಕಾಲಿಳಿಸಿ ಕೂತು ಅವರಪ್ಪ ಬದುಕಿಡೀ ಸೀರೆ ನೇಯ್ದವರು. ನೀವು ಅದನ್ನು ಮುಚ್ಚಿ ಫರಸಿ ಹಾಕಿಸಬೇಕೆಂದು ಗೌಂಡಿಗೆ ಹೇಳಿ ಆಗಿದೆ.

10.34. ಈಗ ಪೆನ್ನು. ಅವ್ವನ ಗಳಿಗೆಗೆ ನೀವು ಒಳಗೊಳಗೇ ನಕ್ಕಿರಬಹುದು, ಆದರೆ 1908ರ ನೋಂದಣಿ ಕಾಯ್ದೆಯ 47ನೇ ಕಲಮಿಗೂ ಸಹಿಯ ಗಳಿಗೆಯ ಮೇಲೆ ಕಣ್ಣಿದೆ. ಪತ್ರವನ್ನು ಬರೆದುಕೊಟ್ಟ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬಹುದು; ನೋಂದಣಿ ಎಂದೇ ಆಗಲಿ, ಅದರ ಬಲ ಬರೆದುಕೊಟ್ಟ ದಿನದಿಂದಲೇ. ಅಕ್ಕ, ತಮ್ಮ, ನೀವು, ಇಬ್ಬರು ಸಾಕ್ಷಿದಾರರು. ಒಳಗೆ ಫೋಟೊ, ಹೆಬ್ಬೆಟ್ಟು. ಅಕ್ಕನ ಬೆರಳಿನ ಗೆರೆ ಯಂತ್ರಕ್ಕೆ ಹಿಡಿಯುವುದಿಲ್ಲ, ಒರೆಸಿ ಇನ್ನೊಮ್ಮೆ ಒತ್ತುತ್ತಾರೆ. ಎರಡು ತಿಂಗಳು ಕಾದದ್ದು ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ.

ಪತ್ರದಲ್ಲಿ ಒಂದು ಸಾಲಿದೆ: ಪೂರಾ ಹಣ ಮುಟ್ಟಿದೆ, ಈ ದಿವಸವೇ ಕಬ್ಜಾ ಕೊಟ್ಟಿದ್ದೇವೆ. ಡಿಡಿ ನಿಮ್ಮ ಕೈಯಿಂದ ಅವರ ಕೈಗೆ ಹೋಗುತ್ತದೆ. ಕೀಲಿಕೈ ಮಾತ್ರ ಬರುವುದಿಲ್ಲ.

"ನಮ್ಮನಿ ಗಣಪತಿ ಐದ್ ದಿನದ್ದು," ತಮ್ಮ ಅಳುಕುತ್ತ ಹೇಳುತ್ತಾರೆ. "ಬುಧವಾರ ಕುಂದರಿಸೀವಿ. ನಾಳೆ ಸಂಜಿಗೆ ಕಳಿಸಿ ಕೀಲಿಕೈ ಕೊಡತೀವ್ರಿ."

ಕೀಲಿಕೈ ಕೈಗೆ ಬಾರದೆ ಕೊನೆಯ ಹಣ ಬಿಡಬಾರದು. ಯಾವ ವಕೀಲರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಖರೇದಿಯಲ್ಲಿ ಕೆಡುವುದು ಹೆಚ್ಚಾಗಿ ಈ ಒಂದು ರಾತ್ರಿಯ ಅಂತರದಲ್ಲೇ. ಆದರೆ ಗಣಪತಿಯನ್ನು ಕೂಡಿಸಿದ ಮನೆಯವರ ಎದುರು ನಿಂತು ಆ ಮಾತು ಆಡಿ ನೋಡಿ. "ಆಗಲ್ರಿ," ಅನ್ನುತ್ತೀರಿ.

ಭಾನುವಾರ ಸಂಜೆ ಪಟಾಕಿ, ಗುಲಾಲು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ತಮ್ಮ ಗಣಪತಿಯನ್ನು ಬಿಟ್ಟು ಒದ್ದೆ ಕೈಯಲ್ಲೇ ಬಂದು ಕೀಲಿಕೈ ಕೊಡುತ್ತಾರೆ, ಅದರ ಜೊತೆಗೆ ಮಡಚಿದ ಕರೆಂಟ್ ಬಿಲ್ಲು. ಬಿಲ್ಲಿನ ಮೇಲೆ ಇನ್ನೂ ಅವರಪ್ಪನ ಹೆಸರೇ ಇದೆ.