ಸುಡದೆ ಉಳಿದ ಪತ್ರಗಳು

ಅಮೆರಿಕದ ಬೋಸ್ಟನ್ ನಗರದಿಂದ ದಕ್ಷಿಣಕ್ಕೆ ಸುಮಾರು 15 ಕಿ.ಮೀ. ಸಾಗಿದರೆ ಕ್ವಿನ್ಸಿ ಎಂಬ ಊರು ಸಿಗುತ್ತದೆ. ಆ ದೇಶದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಹಾಗೂ ಆತನ ಮಗ, ಆರನೆಯ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಬಾಳಿದ ಮನೆ ಇಲ್ಲಿದೆ. ಪಕ್ಕದಲ್ಲಿ, ಮನೆಗೆ ತಾಗದಂತೆ, ಕಲ್ಲಿನ ಗ್ರಂಥಾಲಯ. ಬೆಂಕಿ ತಗಲದ ಕಟ್ಟಡವೊಂದು ಬೇಕೆಂದು ಜಾನ್ ಕ್ವಿನ್ಸಿ ಉಯಿಲಿನಲ್ಲಿ ಬರೆದಿದ್ದ. ಆತನ ಮಗ 1870ರಲ್ಲಿ ಅದನ್ನು ಕಟ್ಟಿಸಿದ.

ಅಷ್ಟು ಜೋಪಾನ ಮಾಡಿದ್ದು ಏನನ್ನು? ಪುಸ್ತಕಗಳ ಜೊತೆಗೆ ಮನೆತನದ ಕಾಗದಪತ್ರಗಳನ್ನು. ಜಾನ್ ಮತ್ತು ಪತ್ನಿ ಅಬಿಗೇಲ್ ಪರಸ್ಪರ ಬರೆದ 1,100ಕ್ಕೂ ಹೆಚ್ಚು ಪತ್ರಗಳು ಇದರಲ್ಲಿವೆ. 1776ರ ಜುಲೈ. ಫಿಲಡೆಲ್ಫಿಯಾದಲ್ಲಿ ಗಂಡ ಸ್ವಾತಂತ್ರ್ಯ ಘೋಷಣೆಯ ಕೆಲಸದಲ್ಲಿದ್ದರೆ, ಇತ್ತ ಅಬಿಗೇಲ್ ನಾಲ್ವರು ಮಕ್ಕಳೊಂದಿಗೆ ಬೋಸ್ಟನ್‌ಗೆ ಹೋಗಿ ಸಿಡುಬಿಗೆ ದಾಕು ಹಾಕಿಸಿಕೊಂಡಳು. ಜೆನ್ನರ್‌ನ ಲಸಿಕೆ ಬರಲು ಇನ್ನೂ 20 ವರ್ಷವಿತ್ತು. ಆಗ ಚರ್ಮ ಗೀರಿ ಸೇರಿಸುತ್ತಿದ್ದುದು ರೋಗಿಯ ಗುಳ್ಳೆಯ ಕೀವನ್ನೇ! ಮಗ ಚಾರ್ಲ್ಸ್‌ಗೆ ಸಿಡುಬು ಜೋರಾಗಿಯೇ ಬಂತು, ಹೇಗೋ ಬದುಕಿಕೊಂಡ. ತಾಯಿಯ ಆ ಆತಂಕವೆಲ್ಲ ಪತ್ರಗಳಲ್ಲಿದೆ.

ತನ್ನ ಪತ್ರಗಳನ್ನು ಸುಟ್ಟುಬಿಡುವಂತೆ ಆಕೆ ಗಂಡನಿಗೆ ಬರೆದದ್ದುಂಟು. ಆತ ಒಪ್ಪಲಿಲ್ಲ. ಹೆಂಡತಿಯ ಮಾತು ಕೇಳದ್ದರಿಂದ ಚರಿತ್ರೆಗೆ ಲಾಭವಾದ ಅಪರೂಪದ ಪ್ರಸಂಗವಿದು!

ಜಾನ್ ಕ್ವಿನ್ಸಿ ದಿನಚರಿ ಆರಂಭಿಸಿದ್ದು 1779ರಲ್ಲಿ, 12ರ ವಯಸ್ಸಿಗೆ, ಅಂದರೆ ನಮ್ಮ ಏಳನೆಯ ತರಗತಿಯ ಹುಡುಗನಷ್ಟಿದ್ದಾಗ. 1848ರಲ್ಲಿ ಸಾಯುವ ಹೊತ್ತಿಗೆ 51 ಸಂಪುಟಗಳಾಗಿದ್ದವು.

ಪುಸ್ತಕಗಳು ಇಂದಿಗೂ ಕ್ವಿನ್ಸಿಯ ಕಲ್ಲುಮನೆಯಲ್ಲಿವೆ. ಕಾಗದಪತ್ರಗಳನ್ನು ಮನೆತನದವರು 1956ರಲ್ಲಿ ಬೋಸ್ಟನ್ನಿನ ಮಸಾಚುಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಗೆ ಒಪ್ಪಿಸಿದರು. ಅವನ್ನು ಮೈಕ್ರೋಫಿಲ್ಮಿಗೆ ಇಳಿಸಿದಾಗ 608 ಸುರುಳಿಗಳಾದವು. ಆ ಹುಡುಗನ ದಿನಚರಿಯನ್ನು ಈಗ ಅಂತರಜಾಲದಲ್ಲಿಯೂ ಓದಬಹುದು.